ಆಕಾಶದ ಮಾತು ಕೇಳಿದವರು



ವೈಟ್‌ಫೀಲ್ಡ್‌ನಲ್ಲಿರುವ ಮಗಳ ಮನೆಗೆ ಬಂದು ನೆಲೆಸಿದ ಮೇಲೆ ನನಗೆ ಕಾಲ ಕಳೆಯುವುದಕ್ಕೆ ಮೊಮ್ಮಗನೇ ದಿಕ್ಕು. ಅವನ ಕಿವಿಯಲ್ಲಿ ಸದಾ ಎರಡು ಬಿಳಿಯ ಗುಂಡಿಗಳು. ಹಾಡು ಕೇಳುತ್ತಿರಬೇಕೆಂದು ನಾನು ಬಹಳ ದಿನ ತಿಳಿದಿದ್ದೆ. ಒಮ್ಮೆ ಹೋಪ್ ಫಾರ್ಮ್ ವೃತ್ತದಲ್ಲಿ ನಮ್ಮ ಕಾರು ಮುಕ್ಕಾಲು ಗಂಟೆ ನಿಂತಾಗ, ನನ್ನ ಬೇಸರ ಕಳೆಯಲೆಂದು ಅದನ್ನು ಕಾರಿನ ಸ್ಪೀಕರಿಗೆ ಹಾಕಿದ. ಹಾಡಲ್ಲ, ಮಾತು. ತಂತ್ರಜ್ಞಾನದ ಬಗೆಗಿನ ಒಂದು ಪಾಡ್‌ಕಾಸ್ಟ್. ಇಬ್ಬರು ತರುಣರು ಚಂದ್ರಯಾನದ ಬಗ್ಗೆ ಕನ್ನಡದಲ್ಲಿ, ನಡುನಡುವೆ ನಗುತ್ತ, ಒಂದು ಗಂಟೆ ಮಾತನಾಡಿದರು. ಮುಗಿದ ಮೇಲೆ, ಅದನ್ನು ಕೇಳಿದವರು ಏನೇನು ಹೇಳಿದ್ದಾರೆಂದು ಮೊಮ್ಮಗ ಓದಿ ಹೇಳತೊಡಗಿದ. ಒಬ್ಬರಿಗೆ ಇದೆಲ್ಲ ಸುಳ್ಳು. ಒಬ್ಬರಿಗೆ ಇದು ದೈವಕ್ಕೆ ಎದುರಾದ ಕೆಲಸ. ಇನ್ನೊಬ್ಬರಿಗೆ ಈ ಹಣದಲ್ಲಿ ಬಡವರಿಗೆ ಅನ್ನ ಹಾಕಬಹುದಿತ್ತು. ಎಲ್ಲೋ ಒಬ್ಬರು ಮಾತ್ರ ವಿಷಯಕ್ಕೆ ಸಂಬಂಧಿಸಿದ ಒಂದು ಪ್ರಶ್ನೆ ಕೇಳಿದ್ದರು.

“ತಾತ, ಜನ ಎಷ್ಟು ವಿಚಿತ್ರ ಅಲ್ವಾ?” ಎಂದ ಅವನು.

ನನಗೆ ವಿಚಿತ್ರವೆನಿಸಲಿಲ್ಲ. ಇವೇ ಮಾತುಗಳನ್ನು, ಹೆಚ್ಚುಕಡಿಮೆ ಇದೇ ಕ್ರಮದಲ್ಲಿ, ಇದೇ ವೈಟ್‌ಫೀಲ್ಡ್‌ನಲ್ಲಿ ಐವತ್ತು ವರ್ಷಗಳಿಗೂ ಹಿಂದೆ ನಾನು ಕೇಳಿದ್ದೆ. ಅದನ್ನು ಅವನಿಗೆ ಹೇಳಿದೆ. ಹೇಳುವಾಗ ಇನ್ನೂ ಹಲವು ನೆನಪಾದವು. ಒಂದು ನೆನಪು ಮಾತ್ರ ಅವನಿಗೆ ಹೇಳಲಾಗಲಿಲ್ಲ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

*

ನಮ್ಮ ನುಡಿಯಲ್ಲಿ ‘ಕೇಳು’ ಎಂಬ ಪದಕ್ಕೆ ಎರಡು ಅರ್ಥಗಳಿವೆ ಎಂಬುದನ್ನು ವ್ಯಾಕರಣದ ಪಾಠದಲ್ಲಿ ನಿಮಗೆಲ್ಲ ಹೇಳಿದ್ದೇನೆ. ಕಿವಿಗೊಡುವುದೂ ಕೇಳುವುದೇ, ಪ್ರಶ್ನಿಸುವುದೂ ಕೇಳುವುದೇ. ವಿಜ್ಞಾನದ ಮಾತು ನಮ್ಮ ಜನರ ಕಿವಿಗೆ ಬಿದ್ದ ಚರಿತ್ರೆಯನ್ನು ನೋಡಿದರೆ, ಮೊದಲನೆಯ ಅರ್ಥದ ಕೇಳುವಿಕೆಗೆ ನಾವು ಬೇಕಾದಷ್ಟು ಏರ್ಪಾಟು ಮಾಡಿದೆವು, ಎರಡನೆಯದಕ್ಕೆ ಅಷ್ಟಾಗಿ ಮಾಡಲಿಲ್ಲ ಎಂದು ನನಗೆ ತೋರುತ್ತದೆ.

ಕನ್ನಡದಲ್ಲಿ ವಿಜ್ಞಾನವನ್ನು ಜನರ ಬಳಿಗೆ ಒಯ್ಯುವ ಕೆಲಸ ರೇಡಿಯೊಕ್ಕಿಂತ ಹಳೆಯದು. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ಸೇರಿ 1918ರಲ್ಲಿ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಪಾರಿಭಾಷಿಕ ಪದಗಳೇ ಇಲ್ಲದ ಕಾಲದಲ್ಲಿ ಅದನ್ನು ಎರಡು ವರ್ಷ ನಡೆಸಿದ್ದು ಸಾಹಸವೇ ಸರಿ. ಆದರೆ ಪತ್ರಿಕೆ ಓದು ಬಲ್ಲವರಿಗೆ ಮಾತ್ರ. ಓದು ಬಾರದವರ ಕಿವಿಗೂ ತಲುಪುವ ಸಾಧನ ಬಂದದ್ದು 1935ರ ಸೆಪ್ಟೆಂಬರಿನಲ್ಲಿ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆ ‘ವಿಠಲ ವಿಹಾರ’ದಲ್ಲಿ 30 ವಾಟ್ ಸಾಮರ್ಥ್ಯದ ಪ್ರೇಷಕವೊಂದನ್ನಿಟ್ಟು ಬಾನುಲಿ ಪ್ರಸಾರ ಆರಂಭಿಸಿದರು. ಇಂದು ಒಂದು ಕೋಣೆಯ ದೀಪಗಳಿಗೆ ಸಾಲುವಷ್ಟು ಶಕ್ತಿ ಅದು. ಅದಕ್ಕೆ ‘ಆಕಾಶವಾಣಿ’ ಎಂಬ ಹೆಸರನ್ನು ಸೂಚಿಸಿದವರು ನಾ. ಕಸ್ತೂರಿಯವರು. ಮುಂದೆ ಇಡೀ ದೇಶದ ಬಾನುಲಿಗೆ ಅದೇ ಹೆಸರಾಯಿತು. 1955ರ ನವೆಂಬರಿನಲ್ಲಿ ಆ ನಿಲಯ ಬೆಂಗಳೂರಿಗೆ ಬಂತು.

ಹೆಸರೇನೋ ಸೊಗಸಾದದ್ದು. ಆದರೆ ಪುರಾಣದ ಆಕಾಶವಾಣಿಗೆ ಯಾರೂ ತಿರುಗಿ ಪ್ರಶ್ನೆ ಹಾಕುವುದಿಲ್ಲ. ಅದು ನುಡಿಯುತ್ತದೆ, ಕಂಸ ಕೇಳಿಸಿಕೊಂಡು ನಡುಗುತ್ತಾನೆ. ನಮ್ಮ ರೇಡಿಯೊ ಕೂಡ ಬಹುಕಾಲ ಹೀಗೆಯೇ ಇತ್ತು. ಇದನ್ನು ಅರಿತು ಮಾಡಿದ ಒಂದು ಒಳ್ಳೆಯ ಪ್ರಯೋಗವನ್ನು ಇಲ್ಲಿ ನೆನೆಯಬೇಕು. 1956ರಲ್ಲಿ ಪುಣೆಯ ಆಕಾಶವಾಣಿ ಯುನೆಸ್ಕೊ ನೆರವಿನಿಂದ ಐದು ಜಿಲ್ಲೆಗಳ ಸುಮಾರು 150 ಹಳ್ಳಿಗಳಲ್ಲಿ ಶ್ರೋತೃಮಂಡಲಿಗಳನ್ನು ರಚಿಸಿತು. ಊರಿನ ಇಪ್ಪತ್ತು ಜನ ಒಟ್ಟಿಗೆ ಕುಳಿತು ಕೇಳುವುದು, ಕೇಳಿದ್ದನ್ನು ಚರ್ಚಿಸುವುದು, ಬಗೆಹರಿಯದ ಪ್ರಶ್ನೆಗಳನ್ನು ನಿಲಯಕ್ಕೆ ಬರೆಯುವುದು, ಅವಕ್ಕೆ ಮುಂದಿನ ಪ್ರಸಾರದಲ್ಲಿ ಉತ್ತರ ಪಡೆಯುವುದು. ಸುಮ್ಮನೆ ಕೇಳಿದವರಿಗಿಂತ ಹೀಗೆ ಕೇಳಿದವರು ಬಹಳ ಹೆಚ್ಚು ಕಲಿತರೆಂದು ಅಧ್ಯಯನ ತೋರಿಸಿತು. 1959ರಿಂದ ಈ ಕ್ರಮವನ್ನು ದೇಶದ ಇತರೆಡೆಗೂ ವಿಸ್ತರಿಸಿದರು. ಆದರೆ ಅದು ಬೇಸಾಯದ ಮಾತಿಗಾಗಿ ಇದ್ದದ್ದು. ಆಕಾಶದ ಮಾತು ಬಂದಾಗ ನಮ್ಮೂರುಗಳಲ್ಲಿ ಯಾವ ಮಂಡಲಿಯೂ ಇರಲಿಲ್ಲ. ಇದ್ದದ್ದು ರೈಲು ನಿಲ್ದಾಣ ಮತ್ತು ಚಹಾದಂಗಡಿ.

*

1969ರ ಜುಲೈ 21, ಸೋಮವಾರ. ಆಗ ನಾನು ಬಿ.ಎಸ್ಸಿ. ವಿದ್ಯಾರ್ಥಿ. ಮಾಲೂರಿನಿಂದ ದಿನವೂ ರೈಲಿನಲ್ಲಿ ಬೆಂಗಳೂರಿಗೆ ಓಡಾಡುತ್ತಿದ್ದೆ. ದಾರಿಯಲ್ಲಿ ವೈಟ್‌ಫೀಲ್ಡ್ ನಿಲ್ದಾಣ. ಇಂದಿನ ಗಾಜಿನ ಕಟ್ಟಡಗಳನ್ನು ಮಾತ್ರ ಬಲ್ಲವರು ಅಂದಿನ ವೈಟ್‌ಫೀಲ್ಡನ್ನು ಊಹಿಸಿಕೊಳ್ಳಲಾರರು. 1882ರಲ್ಲಿ ಚಾಮರಾಜೇಂದ್ರ ಒಡೆಯರು ಕೊಟ್ಟ ಜಮೀನಿನಲ್ಲಿ ಡಿ.ಎಸ್. ವೈಟ್ ಎಂಬವರ ಮುಂದಾಳತ್ವದಲ್ಲಿ ಆಂಗ್ಲೋ-ಇಂಡಿಯನ್ ಕುಟುಂಬಗಳು ಕಟ್ಟಿಕೊಂಡ ಊರದು. ಹೆಂಚಿನ ಮನೆಗಳು, ಹಣ್ಣಿನ ತೋಟಗಳು, ಸಂಜೆಯಾದರೆ ನಿಶ್ಶಬ್ದ.

ಅಂದು ರೈಲು ಅಲ್ಲಿ ಬಹಳ ಹೊತ್ತು ನಿಂತಿತು. ವಯಸ್ಸಾದ ಆಂಗ್ಲೋ-ಇಂಡಿಯನ್ ಒಬ್ಬರು ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕುಳಿತು ಟ್ರಾನ್ಸಿಸ್ಟರನ್ನು ಕಿವಿಗಾನಿಸಿಕೊಂಡಿದ್ದರು. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ಕ್ಷಣ ನಮ್ಮ ಗಡಿಯಾರದಲ್ಲಿ ಅಂದು ಬೆಳಿಗ್ಗೆ 8 ಗಂಟೆ 26 ನಿಮಿಷ. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ. ಆದ್ದರಿಂದ ನಾವು ಆ ಘಟನೆಯನ್ನು ನೋಡಲಿಲ್ಲ, ಕೇಳಿದೆವು, ಅದೂ ಗೊರಗೊರ ಸದ್ದಿನ ನಡುವೆ. ಆ ಹಿರಿಯರ ಸುತ್ತ ಜನ ಕೂಡಿದರು. ಅವರು ಇಂಗ್ಲಿಷನ್ನು ತಮ್ಮ ಹರಕು ಕನ್ನಡಕ್ಕೆ ತಿರುಗಿಸಿ ಹೇಳಿದರು: “ಇಳಿದ. ಮನುಷ್ಯ ಇಳಿದ.”

ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು.

“ಸುಳ್ಳು ಕಣಯ್ಯ, ಯಾವನು ನೋಡ್ದ?” ಎಂದರು ರುಮಾಲಿನ ಯಜಮಾನರೊಬ್ಬರು. “ಚೌತಿ ದಿನ ಚಂದ್ರನ್ನ ನೋಡಿದರೇ ಅಪವಾದ ಬರುತ್ತೆ ಅಂತಾರೆ, ಇವರು ತುಳಿದೇಬಿಟ್ಟರಲ್ಲ!” ಎಂದರು ಇನ್ನೊಬ್ಬರು. “ಅಷ್ಟು ದುಡ್ಡಲ್ಲಿ ನಮ್ಮ ಸೀಮೆ ಕೆರೆಗಳ ಹೂಳೆಲ್ಲ ತೆಗೆಸಬಹುದಿತ್ತು” ಎಂದ ಒಬ್ಬ ರೈತ. ಕೋಲಾರದ ಕಡೆಯವರಿಗೆ ಕೆರೆಯ ನೆನಪು ಎಂಥ ಹೊತ್ತಿನಲ್ಲೂ ಬರುತ್ತದೆ. ಕೊನೆಯಲ್ಲಿ, ಮಾವಿನ ಹಣ್ಣಿನ ಬುಟ್ಟಿ ಹೊತ್ತಿದ್ದ ಹೆಂಗಸೊಬ್ಬಳು ಆ ಹಿರಿಯರನ್ನೇ ನೇರವಾಗಿ ಕೇಳಿದಳು: “ಸ್ವಾಮಿ, ಅಲ್ಲಿ ಗಾಳಿ ಐತಾ? ಇಲ್ಲದಿದ್ದರೆ ಉಸಿರು ಹೆಂಗೆ ಆಡ್ತಾರೆ?”

ಅವರು ಟ್ರಾನ್ಸಿಸ್ಟರಿನ ಸದ್ದು ತಗ್ಗಿಸಿ, ಅವಳಿಗೆ ಅರ್ಥವಾಗುವವರೆಗೆ, ಗಾಳಿಯನ್ನು ಸೀಸೆಯಲ್ಲಿ ತುಂಬಿ ಬೆನ್ನಿಗೆ ಕಟ್ಟಿಕೊಂಡು ಹೋಗುವ ಬಗೆಯನ್ನು ಕೈಸನ್ನೆ ಮಾಡಿ ವಿವರಿಸಿದರು. ನಾನು ವಿಜ್ಞಾನದ ವಿದ್ಯಾರ್ಥಿ, ಪಕ್ಕದಲ್ಲೇ ನಿಂತಿದ್ದೆ. ನನಗೆ ಆ ಪ್ರಶ್ನೆ ಹೊಳೆದಿರಲಿಲ್ಲ. ಸುಳ್ಳೆಂಬುದು, ದೈವದ ಭಯ, ಹಣದ ಲೆಕ್ಕ, ಇವುಗಳ ನಡುವೆ ಒಂದೇ ಒಂದು ನಿಜವಾದ ಪ್ರಶ್ನೆ. ಮೊಮ್ಮಗ ಕಾರಿನಲ್ಲಿ ಓದಿ ಹೇಳಿದ ಪಟ್ಟಿಯೂ ಇದೇ ತಾನೆ!

*

ಮುಂದಿನ ಹತ್ತು ವರ್ಷಗಳಲ್ಲಿ ಆಕಾಶದ ಮಾತು ನಮ್ಮ ಹಿತ್ತಲಿಗೇ ಬಂತು. ಪೀಣ್ಯದ ಕೈಗಾರಿಕಾ ವಸಾಹತಿನ ತಗಡಿನ ಶೆಡ್ಡುಗಳಲ್ಲಿ, ಉಡುಪಿಯ ಅದಮಾರಿನವರಾದ ಯು.ಆರ್. ರಾಯರ ನೇತೃತ್ವದಲ್ಲಿ, 360 ಕಿಲೋ ತೂಕದ ‘ಆರ್ಯಭಟ’ ಸಿದ್ಧವಾಯಿತು. 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟು ಅದನ್ನು ಕಕ್ಷೆಗೆ ಸೇರಿಸಿತು. ಕೆಲವೇ ದಿನಗಳಲ್ಲಿ ವಿದ್ಯುತ್ ದೋಷದಿಂದ ಅದರ ವೈಜ್ಞಾನಿಕ ಪ್ರಯೋಗಗಳು ನಿಂತುಹೋದವು. ಆದರೂ ಉಪಗ್ರಹವೊಂದನ್ನು ಕಟ್ಟಬಲ್ಲೆವೆಂಬುದು ಸಾಬೀತಾಗಿತ್ತು.

ಅದೇ ವರ್ಷ ಆಗಸ್ಟಿನಿಂದ ಒಂದು ವರ್ಷ ಕಾಲ ‘ಸೈಟ್’ ಎಂಬ ಪ್ರಯೋಗ ನಡೆಯಿತು. ಅಮೆರಿಕದ ಎ.ಟಿ.ಎಸ್.-6 ಉಪಗ್ರಹದ ಮೂಲಕ ಆರು ರಾಜ್ಯಗಳ 2400 ಹಳ್ಳಿಗಳಿಗೆ ನೇರವಾಗಿ ಟಿ.ವಿ. ಕಾರ್ಯಕ್ರಮ. ನಮ್ಮಲ್ಲಿ ವಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಇದರಲ್ಲಿದ್ದವು. ಶಾಲೆಯ ಮಾಡಿನ ಮೇಲೆ ತಂತಿಬಲೆಯ ಮೂರು ಮೀಟರ್ ಅಗಲದ ಛತ್ರಿ, ಬೆಳಿಗ್ಗೆ ಮಕ್ಕಳಿಗೆ ಕನ್ನಡದಲ್ಲಿ ವಿಜ್ಞಾನ. ಜನರ ಪ್ರತಿಕ್ರಿಯೆಯನ್ನು ಅರಿಯಲು ಕೆಲವು ಹಳ್ಳಿಗಳಲ್ಲಿ ಮಾನವಶಾಸ್ತ್ರಜ್ಞರೇ ಬಂದು ವಾಸವಿದ್ದರು. ಇದು ದೊಡ್ಡ ಕೆಲಸ, ಸಂದೇಹವಿಲ್ಲ. ಆದರೆ ಪೆಟ್ಟಿಗೆಯ ಮುಂದೆ ಕುಳಿತ ಮಗುವಿಗೆ ಸಂದೇಹ ಬಂದರೆ ಪೆಟ್ಟಿಗೆ ಉತ್ತರ ಕೊಡಲಾರದು. ಉತ್ತರ ಕೊಡಬೇಕಾದವನು ಪಕ್ಕದಲ್ಲಿ ನಿಂತ ಮೇಷ್ಟ್ರು.

ಇನ್ನು ನಾನು ಹೇಳಲಾಗದೆ ಉಳಿಸಿಕೊಂಡಿದ್ದ ಮಾತಿಗೆ ಬರುತ್ತೇನೆ.

*

1979. ನಾನು ಮೇಷ್ಟ್ರಾಗಿ ಕೆಲವೇ ವರ್ಷಗಳಾಗಿದ್ದವು. ಅಮೆರಿಕದವರು 1973ರಲ್ಲಿ ಹಾರಿಸಿದ್ದ ‘ಸ್ಕೈಲ್ಯಾಬ್’ ಎಂಬ ಸುಮಾರು 77 ಟನ್ ತೂಕದ ಅಂತರಿಕ್ಷ ನಿಲ್ದಾಣ ಭೂಮಿಗೆ ಬೀಳಲಿದೆ, ಎಲ್ಲಿ ಬೀಳುವುದೆಂದು ಹೇಳಲು ಬಾರದು ಎಂಬ ಸುದ್ದಿ ರೇಡಿಯೊದಲ್ಲಿ ದಿನಾ ಬರುತ್ತಿತ್ತು. ರೇಡಿಯೊ ಹೇಳಿದ್ದು ಒಂದು, ಊರು ಕೇಳಿದ್ದು ಇನ್ನೊಂದು. ಯಾರಿಗಾದರೂ ತಗಲುವ ಸಾಧ್ಯತೆ ಬಹಳ ಕಡಿಮೆ ಎಂದು ವಾರ್ತೆಯಲ್ಲಿ ಹೇಳಿದರೆ, ಊರಿನ ಕಿವಿಗೆ ‘ಸಾಧ್ಯತೆ’ ಎಂಬುದಷ್ಟೇ ಬಿತ್ತು. ಸಾಲ ತೀರಿಸುವುದನ್ನು ಮುಂದಕ್ಕೆ ಹಾಕಿದವರಿದ್ದರು. ಹೇಗಿದ್ದರೂ ಸಾಯುವುದೇ ಎಂದು ಹಬ್ಬಕ್ಕಿಟ್ಟ ಕೋಳಿಯನ್ನು ಅಂದೇ ಕೊಯ್ದವರಿದ್ದರು. ಮಕ್ಕಳನ್ನು ಶಾಲೆಗೆ ಕಳುಹಿಸದೆ ಮನೆಯಲ್ಲಿಟ್ಟುಕೊಂಡವರೂ ಇದ್ದರು.

ಎಂಟನೆಯ ತರಗತಿಯಲ್ಲಿ ಅಂದು ಅರ್ಧದಷ್ಟು ಮಕ್ಕಳಿದ್ದರು. ನಾನು ಧೈರ್ಯ ಹೇಳಿ, ಗುರುತ್ವದ ಪಾಠ ಮಾಡುತ್ತಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದುನಿಂತ. ದಿನವೂ ಎರಡು ಮೈಲಿ ನಡೆದು ಬರುತ್ತಿದ್ದವನು, ಬಹಳ ಮಾತಿನವನಲ್ಲ.

“ಸಾರ್, ಮೇಲಕ್ಕೆ ಕಳಿಸೋವಾಗ ಇಷ್ಟೆಲ್ಲ ಲೆಕ್ಕ ಹಾಕಿದೋರು, ಕೆಳಗೆ ಬರೋದನ್ನ ಯಾಕೆ ಲೆಕ್ಕ ಹಾಕಲಿಲ್ಲ?”

ಮಕ್ಕಳು ನಕ್ಕರು. ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳುವ ಬದಲು, “ಅಧಿಕಪ್ರಸಂಗ ಬೇಡ, ಕೂತ್ಕೋ. ಪರೀಕ್ಷೆಗೆ ಬರೋದನ್ನ ಕೇಳು” ಎಂದೆ. ಅವನು ಕುಳಿತ. ಆ ವರ್ಷವೆಲ್ಲ ಅವನು ಮತ್ತೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಪರೀಕ್ಷೆಯಲ್ಲಿ ಚೆನ್ನಾಗಿಯೇ ಬರೆದ. ನಾನು ಹೇಳಿಕೊಟ್ಟ ವಾಕ್ಯಗಳನ್ನು ಒಂದಕ್ಷರ ಬಿಡದೆ ಒಪ್ಪಿಸಿದ್ದ. ಅವನ ಉತ್ತರಪತ್ರಿಕೆಯನ್ನು ತಿದ್ದುವಾಗ ನನಗೆ ಸಂತೋಷವಾಗಲಿಲ್ಲ.

ಜುಲೈ 11ರ ರಾತ್ರಿ ಹತ್ತು ಗಂಟೆ ದಾಟಿದ ಮೇಲೆ ಸ್ಕೈಲ್ಯಾಬ್ ವಾತಾವರಣಕ್ಕೆ ನುಗ್ಗಿ ಒಡೆದುಹೋಯಿತು. ಚೂರುಗಳು ಹಿಂದೂ ಮಹಾಸಾಗರಕ್ಕೂ ಪಶ್ಚಿಮ ಆಸ್ಟ್ರೇಲಿಯದ ಎಸ್ಪರೆನ್ಸ್ ಊರಿನ ಸುತ್ತಲಿಗೂ ಬಿದ್ದವು. ಯಾರಿಗೂ ಗಾಯವಾಗಲಿಲ್ಲ. ಊರಿನವರು ನಕ್ಕು ಮರೆತರು.

*

ಆರೇಳು ತಿಂಗಳಲ್ಲಿ, 1980ರ ಫೆಬ್ರವರಿ 16ರಂದು, ಸೂರ್ಯಗ್ರಹಣ. ಅಂಕೋಲೆಯಿಂದ ರಾಯಚೂರಿನವರೆಗೆ ಅದು ಪೂರ್ಣಗ್ರಹಣ, ನಮ್ಮ ಕಡೆ ಪಾರ್ಶ್ವ. ರಾಯಚೂರು ಜಿಲ್ಲೆಯ ಜವಳಗೇರದಲ್ಲಿ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ಉಪಕರಣಗಳೊಂದಿಗೆ ಬಿಡಾರ ಹೂಡಿದ್ದರು. ಬರಿಗಣ್ಣಿನಿಂದ ಸೂರ್ಯನನ್ನು ನೋಡಬೇಡಿ ಎಂದು ರೇಡಿಯೊ ಮತ್ತೆಮತ್ತೆ ಎಚ್ಚರಿಸಿತು. ಅದು ಸರಿಯಾದ ಎಚ್ಚರಿಕೆಯೇ. ಆದರೆ ನಮ್ಮೂರಿನಲ್ಲಿ ಅದನ್ನು ಕೇಳಿದ ಬಗೆಯೇ ಬೇರೆ. “ನೋಡಿ, ಸರ್ಕಾರದವರೇ ಹೇಳ್ತಾವ್ರೆ, ಗ್ರಹಣ ಕೆಟ್ಟದ್ದು ಅಂತ” ಎಂದು ಬಾಗಿಲು ಮುಚ್ಚಿದರು. ಬೀದಿಯಲ್ಲಿ ನಾಯಿಗಳ ಹೊರತು ಯಾರೂ ಇರಲಿಲ್ಲ. ಏಕೆ ನೋಡಬಾರದು, ಹೇಗೆ ನೋಡಬಹುದು ಎಂದು ಕೇಳುವ ಅವಕಾಶವಿಲ್ಲದ ಕಡೆ ವಿಜ್ಞಾನದ ಮಾತೂ ನಿಷೇಧವಾಗಿಯೇ ಕೇಳಿಸುತ್ತದೆ. ಸ್ಕೈಲ್ಯಾಬಿನ ಹುಡುಗನಿಗೆ ನಾನು ಮಾಡಿದ್ದು ಏನೆಂಬುದು ಅಂದು, ಬಿಕೋ ಎನ್ನುವ ಆ ಬೀದಿಯಲ್ಲಿ ನಿಂತಾಗ, ನನಗೆ ಸ್ಪಷ್ಟವಾಯಿತು.

ತಿದ್ದಿಕೊಳ್ಳಲು ದಾರಿ ತೋರಿಸಿದವರು ಡಾ. ಎಚ್. ನರಸಿಂಹಯ್ಯನವರು. ಆಗಿನ ಕೋಲಾರ ಜಿಲ್ಲೆಗೆ ಸೇರಿದ್ದ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಓದಲೆಂದು ಬೆಂಗಳೂರಿಗೆ ನಡೆದೇ ಬಂದವರು ಅವರು. 1962ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಬೆಂಗಳೂರು ಸೈನ್ಸ್ ಫೋರಂ ಆರಂಭಿಸಿದರು. ನಾನು ಅಲ್ಲಿ ಕೆಲವು ಉಪನ್ಯಾಸಗಳಿಗೆ ಹೋಗಿದ್ದೆ. ಉಪನ್ಯಾಸಕ್ಕಿಂತ ಅದರ ನಂತರದ ಪ್ರಶ್ನೆಗಳೇ ನನ್ನ ಮನಸ್ಸಿನಲ್ಲಿ ಉಳಿದಿವೆ. ದೊಡ್ಡ ವಿಜ್ಞಾನಿಯೊಬ್ಬರು ಹೈಸ್ಕೂಲು ಹುಡುಗನ ಪ್ರಶ್ನೆಗೆ “ಇದು ನನಗೆ ತಿಳಿಯದು” ಎಂದು ಹೇಳಿದ್ದನ್ನು ಕಂಡು ನಾನು ಬೆರಗಾದೆ. ಊರಿಗೆ ಬಂದ ಮರುವಾರವೇ ತರಗತಿಯಲ್ಲಿ ಒಂದು ಬಿಸ್ಕತ್ತಿನ ಡಬ್ಬಿ ಇಟ್ಟೆ. ಹೆಸರು ಬರೆಯದೆ ಯಾರು ಏನು ಬೇಕಾದರೂ ಕೇಳಬಹುದು, ಶನಿವಾರ ಬಿಚ್ಚಿ ಓದುವುದು. ನಿಮ್ಮಲ್ಲಿ ಹಲವರಿಗೆ ಆ ಡಬ್ಬಿಯ ನೆನಪಿರಬೇಕು. ನನಗೆ ಗೊತ್ತಿಲ್ಲದ ಪ್ರಶ್ನೆಗಳನ್ನು ಹಲಗೆಯ ಮೂಲೆಯಲ್ಲಿ ಬರೆದಿಡುತ್ತಿದ್ದೆ. ಕೆಲವು ವರ್ಷಪೂರ್ತಿ ಅಲ್ಲೇ ಇರುತ್ತಿದ್ದವು. ಎಷ್ಟೋ ಉತ್ತರಗಳನ್ನು ‘ಬಾಲ ವಿಜ್ಞಾನ’ ಪತ್ರಿಕೆಯ ಹಳೆಯ ಸಂಚಿಕೆಗಳಲ್ಲಿ ಹುಡುಕಿ ತೆಗೆದದ್ದುಂಟು.

1991ರಲ್ಲಿ ಆಕಾಶವಾಣಿಯೂ ಈ ದಾರಿಗೆ ಬಂತು. ಮಾನವನ ವಿಕಾಸವನ್ನು ಕುರಿತ ಒಂದು ಸುದೀರ್ಘ ಬಾನುಲಿ ಸರಣಿಯನ್ನು ಕೇಂದ್ರದ ವಿಜ್ಞಾನ ಇಲಾಖೆಯ ಜೊತೆ ಸೇರಿ ಹದಿನೆಂಟು ಭಾಷೆಗಳಲ್ಲಿ, ನೂರಕ್ಕೂ ಹೆಚ್ಚು ಕಂತುಗಳಲ್ಲಿ ಪ್ರಸಾರ ಮಾಡಿತು. ದೇಶದಾದ್ಯಂತ ಸುಮಾರು ಒಂದು ಲಕ್ಷ ಮಕ್ಕಳೂ ಹತ್ತು ಸಾವಿರ ಶಾಲೆಗಳೂ ಕೇಳುಗರೆಂದು ಹೆಸರು ನೋಂದಾಯಿಸಿದ್ದರು. ನಮ್ಮ ಶಾಲೆಯೂ ಅದರಲ್ಲೊಂದು. ಅಂಚೆಯಲ್ಲಿ ಭಿತ್ತಿಪತ್ರಗಳು ಬಂದ ದಿನ ಮಕ್ಕಳ ಸಂಭ್ರಮ ಹೇಳತೀರದು. ವಾರವಾರವೂ ಕೇಳಿ, ಅಂಚೆಕಾರ್ಡಿನಲ್ಲಿ ಪ್ರಶ್ನೆ ಬರೆದು ಕಳುಹಿಸುತ್ತಿದ್ದರು. ಕಾರ್ಡಿನಲ್ಲಿ ಜಾಗ ಕಡಿಮೆ. ಆದ್ದರಿಂದ ಏನು ಕೇಳಬೇಕೆಂದು ಮೊದಲು ಯೋಚಿಸಬೇಕಾಗುತ್ತಿತ್ತು.

*

ಇನ್ನು ಇಂದಿನ ಮಾತು. 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಚಂದ್ರಯಾನ-2ರ ‘ವಿಕ್ರಮ್’ ಚಂದ್ರನೆಲದಿಂದ ಎರಡು ಕಿಲೋಮೀಟರ್ ಎತ್ತರದಲ್ಲಿ ಮೌನವಾದಾಗ, ಪೀಣ್ಯದ ಇಸ್ಟ್ರ್ಯಾಕ್ ಕೇಂದ್ರದಲ್ಲಿ ರಸಪ್ರಶ್ನೆ ಗೆದ್ದು ಬಂದ ಶಾಲಾಮಕ್ಕಳೂ ಕುಳಿತಿದ್ದರು. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಇಳಿಯುವುದನ್ನು ಅಂತರ್ಜಾಲದಲ್ಲಿ ಏಕಕಾಲಕ್ಕೆ 80 ಲಕ್ಷಕ್ಕೂ ಹೆಚ್ಚು ಮಂದಿ ನೋಡಿದರು. ಬೆಂಗಳೂರಿನ ಆಚೆ ಬ್ಯಾಲಾಳಿನಲ್ಲಿ 32 ಮೀಟರ್ ಅಗಲದ ಆಂಟೆನಾ ಇದೆ. ಅಷ್ಟು ದೊಡ್ಡ ಕಿವಿ ತೆರೆದು, ಲಕ್ಷಾಂತರ ಕಿಲೋಮೀಟರ್ ಆಚೆಯ ಕ್ಷೀಣ ದನಿಗೆ ಕಾಯುತ್ತದೆ. ಇಲ್ಲೇ ಪಕ್ಕದ ಹೊಸಕೋಟೆಯಲ್ಲಿ ಕುಳಿತು ಲಡಾಖಿನ ಹಾನ್ಲೆಯಲ್ಲಿರುವ ದೂರದರ್ಶಕವನ್ನು ನಡೆಸುತ್ತಾರೆ. ಕೇಳುವ ಸಾಧನಗಳಿಗೆ ಇಂದು ಕೊರತೆಯಿಲ್ಲ. ಪ್ರತಿಕ್ರಿಯೆ ಹೇಳಲು ಅಂಚೆಕಾರ್ಡೂ ಬೇಡ.

ಆದರೂ ನನ್ನನ್ನು ಈಚೆಗೆ ಹಿಡಿದು ನಿಲ್ಲಿಸಿದ ಪ್ರಶ್ನೆ ಬಂದದ್ದು ನಮ್ಮ ಅಡುಗೆಮನೆಯಿಂದ. 2024ರ ಬೇಸಗೆ ನಿಮಗೆ ನೆನಪಿರಬಹುದು. ಬೆಂಗಳೂರಿನಲ್ಲಿ ಕೊಳವೆಬಾವಿಗಳು ಬತ್ತಿ, ವೈಟ್‌ಫೀಲ್ಡ್‌ನ ಬೀದಿಗಳಲ್ಲಿ ಹಗಲೂ ರಾತ್ರಿ ನೀರಿನ ಟ್ಯಾಂಕರುಗಳೇ. ನಮ್ಮ ಮನೆಗೆಲಸಕ್ಕೆ ಬರುವ ತಾಯಿ ರಾಯಚೂರಿನ ಕಡೆಯವರು. ಮೊಮ್ಮಗನ ಪಾಡ್‌ಕಾಸ್ಟಿನಲ್ಲಿ ಚಂದ್ರನ ನೀರಿನ ಮಾತು ಬಂದಾಗ ಪಾತ್ರೆ ತೊಳೆಯುವುದನ್ನು ನಿಲ್ಲಿಸಿ ಕೇಳಿದರು: “ಅಜ್ಜಾರ, ಚಂದ್ರನ ಮ್ಯಾಲ ನೀರು ಸಿಕ್ಕಾವಂತಲ್ರಿ? ನಮ್ಮ ಓಣಿಗೆ ಯಾಕ ಬರವಲ್ವು?”

ಮೊಮ್ಮಗ ನಕ್ಕ. ನಾನು ಈ ಬಾರಿ ನಗಲಿಲ್ಲ. ಕುಳಿತು ಹೇಳಿದೆ. ಚಂದ್ರಯಾನ-1 ಹೊತ್ತೊಯ್ದ ಉಪಕರಣ ಕಂಡುಹಿಡಿದದ್ದನ್ನು 2009ರಲ್ಲಿ ಪ್ರಕಟಿಸಿದರು. ಅದು ಕೊಡ ತುಂಬುವ ನೀರಲ್ಲ, ಮಣ್ಣಿಗೆ ಅಂಟಿಕೊಂಡ ಕಣಗಳು. ಬಿಸಿಲೇ ಬೀಳದ ಕುಳಿಗಳಲ್ಲಿ ಮಂಜುಗಡ್ಡೆ. 1988ರಲ್ಲಿ ಹಾರಿದ ಐ.ಆರ್.ಎಸ್.-1ಎ ಉಪಗ್ರಹದಿಂದ ಮೊದಲ್ಗೊಂಡು ಇಂಥವು ತೆಗೆದ ಚಿತ್ರಗಳಿಂದ ನಮ್ಮ ನೆಲದೊಳಗೆ ನೀರು ಎಲ್ಲಿ ಸಿಗಬಹುದೆಂಬ ನಕ್ಷೆಗಳನ್ನೂ ಮಾಡಿದ್ದಾರೆ. ನೀರು ಎಲ್ಲಿದೆ ಎಂದು ಉಪಗ್ರಹ ಹೇಳಬಲ್ಲದು, ಯಾರ ಓಣಿಗೆ ಬರಬೇಕೆಂದು ತೀರ್ಮಾನಿಸುವವರು ಮನುಷ್ಯರು. ಅವರು ಎಲ್ಲವನ್ನೂ ಸಾವಧಾನವಾಗಿ ಕೇಳಿ, “ಹಂಗಾದ್ರ ಆ ತೀರ್ಮಾನ ಮಾಡೋರಿಗೆ ಹೇಳ್ರಿ” ಎಂದು ಮತ್ತೆ ನಲ್ಲಿಯ ಕಡೆ ತಿರುಗಿದರು. ನನ್ನ ಬಳಿ ಅದಕ್ಕೆ ಉತ್ತರವಿರಲಿಲ್ಲ. 1969ರಲ್ಲಿ ಕೆರೆಯ ಹೂಳಿನ ಮಾತೆತ್ತಿದ ರೈತನೂ ಬರಿಯ ಗೊಣಗಾಟ ಮಾಡಿರಲಿಲ್ಲವೇನೋ ಎಂದು ಅಂದು ಅನ್ನಿಸಿತು. ಅವನದು ಪ್ರಶ್ನೆಯೇ ಆಗಿತ್ತು. ಕೇಳಿಸಿಕೊಳ್ಳುವವರು ಇರಲಿಲ್ಲ ಅಷ್ಟೆ.

ಮೊಮ್ಮಗನಿಗೆ ಹೇಳಿದ್ದು ಇಷ್ಟು: ಜನ ವಿಚಿತ್ರವಲ್ಲಪ್ಪ. ಸುಳ್ಳು ಎನ್ನುವವನಿಗೂ, ಪಾಪ ಎನ್ನುವವನಿಗೂ, ದಂಡ ಎನ್ನುವವನಿಗೂ ಒಳಗೆ ಏನೋ ಒಂದು ಪ್ರಶ್ನೆ ಇರುತ್ತದೆ. ಅದನ್ನು ಹೊರಗೆ ಬರಿಸುವುದು ಮಾತಾಡುವವರ ಕೆಲಸ.

ಕಡೆಯದಾಗಿ, 1979ರ ಆ ಎಂಟನೆಯ ತರಗತಿಯ ಹುಡುಗನಿಗೆ. ಈಗ ನಿನಗೆ ಅರುವತ್ತು ಸಮೀಪಿಸಿರಬೇಕು. ಹೆಸರು ಬರೆಯುವುದಿಲ್ಲ, ಓದಿದರೆ ನಿನಗೇ ತಿಳಿಯುತ್ತದೆ. ನಿನ್ನ ಪ್ರಶ್ನೆಗೆ ಉತ್ತರ ನನಗೆ ಸಿಕ್ಕಿದ್ದು ಬಹಳ ವರ್ಷಗಳ ಮೇಲೆ. ಅವರು ಲೆಕ್ಕ ಹಾಕಿದ್ದರಪ್ಪ, ಆದರೆ ಲೆಕ್ಕ ತಪ್ಪಿತು. ಹೊಸ ಬಾಹ್ಯಾಕಾಶ ನೌಕೆಯನ್ನು ಕಳುಹಿಸಿ ಸ್ಕೈಲ್ಯಾಬನ್ನು ಇನ್ನಷ್ಟು ಎತ್ತರಕ್ಕೆ ತಳ್ಳಬೇಕೆಂದಿದ್ದರು. ಆ ನೌಕೆ ಸಕಾಲಕ್ಕೆ ಸಿದ್ಧವಾಗಲಿಲ್ಲ, ಮೊದಲು ಹಾರಿದ್ದೇ 1981ರಲ್ಲಿ. ಇತ್ತ ಸೂರ್ಯನ ಚಟುವಟಿಕೆ ಅವರೆಣಿಸಿದ್ದಕ್ಕಿಂತ ಹೆಚ್ಚಾಗಿ, ಭೂಮಿಯ ಮೇಲಣ ವಾಯು ಉಬ್ಬಿ, ಸ್ಕೈಲ್ಯಾಬಿಗೆ ತಡೆಯೊಡ್ಡಿ ಬೇಗ ಕೆಳಗೆಳೆಯಿತು. ಇಂದು ಉಪಗ್ರಹ ಹಾರಿಸುವವರು ಅದನ್ನು ಹೇಗೆ ಇಳಿಸಬೇಕೆಂಬ ಯೋಜನೆಯನ್ನು ಮೊದಲೇ ಮಾಡಬೇಕೆಂಬ ನಿಯಮಗಳು ಬಂದಿವೆ. ಪೀಣ್ಯದಲ್ಲಿ ಕಟ್ಟಿದ ನಮ್ಮ ಆರ್ಯಭಟ ಕೂಡ 1992ರಲ್ಲಿ ವಾತಾವರಣಕ್ಕೆ ಮರಳಿ ಬಿತ್ತು.

ನೀನು ಕೇಳಿದ್ದು ಅಧಿಕಪ್ರಸಂಗವಲ್ಲ. ತಪ್ಪು ನನ್ನದು. ಎಲ್ಲಿದ್ದರೂ ಚೆನ್ನಾಗಿರು. ಸಮಯವಾದರೆ ಒಂದು ಮಾತು ಬರೆ. ಇನ್ನೂ ಏನಾದರೂ ಕೇಳುವುದಿದ್ದರೆ ಅದನ್ನೂ ಬರೆ.